ಮಗ್ಗ ನಿಂತಾಗ ಕೇಳಿಸಿದ್ದು

“ಹತ್ತಿರ ಬಾ... ಇನ್ನೂ ಹತ್ತಿರ... ನಿನ್ನ ಉಸಿರು ನನ್ನ ಕೊರಳಿಗೆ ತಾಕಬೇಕು... ಅಷ್ಟು ಹತ್ತಿರ...”

ಗಂಡಸಿನ ದನಿ. ಗಂಭೀರವಾದ, ಎದೆ ಝಲ್ಲೆನ್ನಿಸುವ ದನಿ. ಅದೂ ಫುಲ್ ವಾಲ್ಯೂಮಿನಲ್ಲಿ!

ದೊಡ್ಡಬಳ್ಳಾಪುರದ ಆ ಮಗ್ಗದ ಶೆಡ್ಡಿನಲ್ಲಿದ್ದವರೆಲ್ಲ ಒಂದೇ ಸಲಕ್ಕೆ ತಿರುಗಿದರು. ಅತ್ತೆ ಮುತ್ಯಾಲಮ್ಮ ನೋಡಿದರು. ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುನಿರತ್ನಮ್ಮ ನೋಡಿದಳು. ಮಗಳ ಮದುವೆ ಪತ್ರಿಕೆ ಕೊಡಲು ಬಂದು ಬಾಗಿಲಲ್ಲೇ ನಿಂತಿದ್ದ ನೆಂಟ ಆಂಜಿನಪ್ಪ ಮಾವನ ಬಾಯಿ ತೆರೆದೇ ಉಳಿಯಿತು.

ಆ ದನಿ ಬರುತ್ತಿದ್ದುದು ಮನೆಯ ಸೊಸೆ ಪ್ರಮೋದಾಳ ತಲೆಯಿಂದ!

ಹೌದು, ತಲೆಯಿಂದಲೇ. ನಗಬೇಡಿ, ಹೇಳುತ್ತೇನೆ ಕೇಳಿ.

ಪವರ್ ಲೂಮ್ ಓಡುವ ಶೆಡ್ಡಿನಲ್ಲಿ ಪಕ್ಕದಲ್ಲಿ ನಿಂತವರು ಕಿರುಚಿದರೂ ಕೇಳಿಸುವುದಿಲ್ಲ. ಇಯರ್‌ಫೋನ್ ಹಾಕಿದರೆ ವೈರು ಎಲ್ಲಿ ಮಗ್ಗಕ್ಕೆ ಸಿಕ್ಕಿಕೊಳ್ಳುತ್ತದೋ ಎಂಬ ಭಯ. ಅದಕ್ಕೇ ಪ್ರಮೋದಾ ಒಂದು ಉಪಾಯ ಕಂಡುಕೊಂಡಿದ್ದಳು. ಫೋನನ್ನು ಕಿವಿಗೆ ಒತ್ತಿ ಹಿಡಿದು, ಅದರ ಮೇಲೆ ತಲೆಗೆ ಟವಲ್ ಬಿಗಿಯಾಗಿ ಕಟ್ಟಿಬಿಡುವುದು. ವಾಲ್ಯೂಮ್ ಎಷ್ಟು ಏರಿಸಿದರೂ ನಾಲ್ಕು ಮಗ್ಗಗಳ ಗದ್ದಲದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕರೆಂಟ್ ಇರುವವರೆಗೆ!

ಇವತ್ತು ಹೇಳದೆ ಕೇಳದೆ ಕರೆಂಟ್ ಹೋಯಿತು. ನಾಲ್ಕೂ ಮಗ್ಗ ಗಪ್ ಎಂದವು. ಆದರೆ ಅವಳು ಕೇಳುತ್ತಿದ್ದ ಆಡಿಯೋ ಕಥೆಯ ನಾಯಕ, ಶಿಲಾವನದ ಅರಸ ಅಗ್ನಿಕೇತನಿಗೆ ಯಾವ ಕರೆಂಟಿನ ಹಂಗು? ಅವನು ತನ್ನ ಪಾಡಿಗೆ ಪ್ರೀತಿ ಮಾಡುತ್ತಲೇ ಇದ್ದ.

“ನಿನ್ನ ತುಟಿಯ ಮೇಲಿನ ಈ ನಡುಕ...”

'ಅಯ್ಯೋ ದೇವರೇ... ಗಂಟು ಬಿಚ್ಚುತ್ತಿಲ್ಲವಲ್ಲ!'

ಬೆವರಿದ ಬೆರಳುಗಳಿಗೆ ಟವಲಿನ ಗಂಟು ಸಿಗಲೇ ಇಲ್ಲ. ಕೊನೆಗೆ ಕೂದಲು ಕಿತ್ತುಬರುವಂತೆ ಎಳೆದು, ಫೋನ್ ಆಫ್ ಮಾಡುವಷ್ಟರಲ್ಲಿ ಅರಸ ಇನ್ನೂ ಏನೇನೋ ಹೇಳಿಬಿಟ್ಟಿದ್ದ.

ಆಂಜಿನಪ್ಪ ಮಾವ ಹೊಟ್ಟೆ ಹಿಡಿದು ನಕ್ಕ. “ಏನಪ್ಪಾ ಮುರಳಿ! ನಿನ್ ಹೆಂಡ್ತಿಗೆ ರಾಜನೇ ಬೇಕಂತಲ್ಲಪ್ಪಾ!”

ಆಗ ಪ್ರಮೋದಾ ಗಂಡನ ಮುಖ ನೋಡಿದಳು.

ಎದುರು ಮಗ್ಗದ ಹತ್ತಿರ ನಿಂತಿದ್ದ ಮುರಳಿಯ ಮುಖ ಕಪ್ಪಿಟ್ಟಿತ್ತು. ಅವನು ಬೈಯಲಿಲ್ಲ, ನಗಲೂ ಇಲ್ಲ. ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟು, ಆಂಜಿನಪ್ಪನನ್ನು ದಾಟಿಕೊಂಡು ಹೊರಗೆ ಹೋಗಿಬಿಟ್ಟ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು... ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಪ್ರಮೋದಾಳದು ಪುರುಸೊತ್ತಿಲ್ಲದ ಬದುಕು. ಕತ್ತಲು ಹರಿಯುವ ಮುಂಚೆ ಏಳಬೇಕು. ಗಂಡ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸಕ್ಕಿದ್ದಾನೆ, ಅವನ ವ್ಯಾನ್ ಬರುವಷ್ಟರಲ್ಲಿ ಡಬ್ಬಿ ಕಟ್ಟಬೇಕು. ಮಗಳು ಧನುಶ್ರೀಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಬೇಕು. ಅತ್ತೆಗೆ ಶುಗರ್ ಮಾತ್ರೆ. ಆಮೇಲೆ ಶೆಡ್ಡು. ಮಧ್ಯಾಹ್ನ ಮುರಳಿ ಬಂದು ಎರಡು ತುತ್ತು ಉಂಡು ಎದುರು ಮಗ್ಗಕ್ಕೆ ನಿಂತರೆ, ಇಬ್ಬರ ನಡುವೆ ಮಾತಿಗೆ ಜಾಗವೇ ಇಲ್ಲ. ಮಗ್ಗದವರ ಸಂಸಾರವೇ ಹಾಗೆ, ಎಲ್ಲ ಸನ್ನೆಯಲ್ಲೇ. ಬೆರಳು ಮುರಿದಂತೆ ತೋರಿಸಿದರೆ ಎಳೆ ಕಿತ್ತುಹೋಗಿದೆ ಅಂತ. ಹೆಬ್ಬೆರಳು ಬಾಯಿಗೆ ತೋರಿಸಿದರೆ ಟೀ. ಅವಳನ್ನು ಕರೆಯಬೇಕೆಂದರೆ ಅವನು ಕೈ ಎತ್ತಿ ಎರಡು ಸಲ ಚಪ್ಪಾಳೆ ತಟ್ಟಿ ತೋರಿಸುತ್ತಾನೆ.

ಹೆಸರು ಹಿಡಿದು ಕರೆಯುವ ಪದ್ಧತಿ ಆ ಮನೆಯಲ್ಲಿ ಇರಲೇ ಇಲ್ಲ. ಹೆತ್ತವರೆದುರು ಹೆಂಡತಿಯ ಹೆಸರು ಕರೆದರೆ ನಾಚಿಕೆ ಬಿಟ್ಟವನು ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವಳು 'ಏಯ್' ಆಗಿದ್ದಳು. ಮಗಳು ಹುಟ್ಟಿದ ಮೇಲೆ 'ಧನು ಅಮ್ಮ' ಆದಳು. ಅಷ್ಟೇ.

ಅದಕ್ಕೇ ಆ ಕಥೆ ಅವಳನ್ನು ಹಿಡಿದುಕೊಂಡಿದ್ದು! ನೂರಾರು ಕಂತುಗಳ ಕಥೆ ಅದು. ಅಗ್ನಿಕೇತನಿಗೆ ಒಂದು ಶಾಪ. ತಾನು ಪ್ರೀತಿಸಿದವಳ ಹೆಸರನ್ನು ಬಾಯಿಬಿಟ್ಟು ಕರೆದ ಕ್ಷಣವೇ ಅವನು ಕಲ್ಲಾಗಿಬಿಡುತ್ತಾನೆ. ಹಾಗಾಗಿ ಅವನು ಹತ್ತಿರ ಬಾ ಎನ್ನುತ್ತಾನೆ, ಪ್ರಾಣವೇ ಎನ್ನುತ್ತಾನೆ, ಆದರೆ ಹೆಸರು ಮಾತ್ರ ಹೇಳುವುದಿಲ್ಲ. ಇವತ್ತು ಹೇಳುತ್ತಾನಾ? ನಾಳೆ ಹೇಳುತ್ತಾನಾ? ಅದೊಂದನ್ನು ಕೇಳುವುದಕ್ಕಾಗಿ ಪ್ರಮೋದಾ ಸೀರೆಗಟ್ಟಲೆ ನೇಯ್ದುಬಿಟ್ಟಿದ್ದಳು. ಜರಿ ಅಂಚಿನ ಮೇಲೆ ಅವಳ ಕಣ್ಣೀರೂ ಒಂದೆರಡು ಸಲ ಬಿದ್ದಿತ್ತು.

ಆ ಸುಖಕ್ಕೆ ಈಗ ಬೀದಿಯೆಲ್ಲ ನಗುತ್ತಿತ್ತು.

ಮಾರನೇ ದಿನ ಅಂಗಡಿಯಲ್ಲಿ ಯಾರೋ ಹೆಂಗಸರು ಇವಳನ್ನು ಕಂಡು ಕಿಸಕ್ ಎಂದರು. ಮುನಿರತ್ನಮ್ಮನಂತೂ ನೂಲಿನ ಬುಟ್ಟಿ ಕೊಡುವಾಗೆಲ್ಲ, “ಹತ್ರ ಬಾ ಧನು ಅಮ್ಮಾ... ಇನ್ನೂ ಹತ್ರ!” ಎಂದು ಕಣ್ಣು ಹೊಡೆಯತೊಡಗಿದಳು. ಅತ್ತೆ ಮಾತ್ರ ತಲೆ ತಗ್ಗಿಸಿ ರೇಷ್ಮೆ ಎಳೆ ಬಿಡಿಸುತ್ತ ಕೂತಿರುತ್ತಿದ್ದರು. ಅದು ಇನ್ನೂ ಚುಚ್ಚಿತು.

'ಹತ್ತು ವರ್ಷದ ಮಗಳಿದ್ದಾಳೆ... ನನಗೆ ಯಾಕೆ ಬೇಕಿತ್ತು ಈ ರಾಜ ರಾಣಿ? ಥೂ!'

ಅವಳು ಫೋನನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತುರುಕಿಟ್ಟಳು. ಕನ್ನಡಿ ನೋಡುವುದನ್ನೂ, ಗಂಡನ ಜೊತೆ ಮಾತಾಡುವುದನ್ನೂ ಬಿಟ್ಟಳು.

ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ ಮುರಳಿ. ಅವನು ಅವಳ ಕಣ್ಣು ತಪ್ಪಿಸುತ್ತಿದ್ದ. ಊಟಕ್ಕೆ ಬಡಿಸಿದರೆ ತಟ್ಟೆಯನ್ನೇ ನೋಡುತ್ತಿದ್ದ. ಚಪ್ಪಾಳೆಯ ಸನ್ನೆಯೂ ನಿಂತುಹೋಯಿತು. ಆದರೆ ಮಗ್ಗ ಶುರುವಾಯಿತೋ, ಅವನ ತುಟಿ ಅಲ್ಲಾಡತೊಡಗುತ್ತಿತ್ತು! ತಲೆ ತಗ್ಗಿಸಿಕೊಂಡು, ಹಾಸುನೂಲಿನ ಎಳೆಗಳನ್ನೇ ನೋಡುತ್ತಾ, ತನ್ನಷ್ಟಕ್ಕೇ ಏನೋ ಹೇಳುತ್ತಿದ್ದ. ಒಂದೇ ಮಾತನ್ನು ಮತ್ತೆ ಮತ್ತೆ.

ಮಗ್ಗದ ಹೆಂಗಸರಿಗೆ ತುಟಿ ಓದಲು ಬರುತ್ತದೆ. 'ಟೀ' ಎಂದರೂ ಗೊತ್ತು, 'ಧನು ಅಮ್ಮ' ಎಂದರೂ ಗೊತ್ತು. ಆದರೆ ಈ ಮಾತು ಅವಳಿಗೆ ಹೊಸದು. ತುಟಿ ಒಮ್ಮೆ ಮುಚ್ಚುತ್ತಿತ್ತು, ತೆರೆಯುತ್ತಿತ್ತು, ಮತ್ತೆ ಮುಚ್ಚುತ್ತಿತ್ತು.

'ಪಾಪಿ... ಪಾಪಿ ಅಂತಿದ್ದಾರೆ ನನ್ನ!'

ಅವಳು ಮುಖ ತಿರುಗಿಸಿಕೊಂಡು ತನ್ನ ಮಗ್ಗಕ್ಕೆ ಬಾಗಿದಳು.

ಮುಂದಿನ ವಾರ ಒಂದು ಸಂಜೆ ಬೀರು ಬಾಗಿಲು ತೆಗೆದವಳು ಫೋನನ್ನು ಕೈಗೆತ್ತಿಕೊಂಡಳು. ಆ ಕಥೆಯನ್ನೇ ಅಳಿಸಿಬಿಡಬೇಕು, ಆಮೇಲೆ ಗಂಡನ ಕಾಲು ಹಿಡಿಯಬೇಕು ಎಂದುಕೊಂಡಿದ್ದಳು. ಆದರೆ ಸ್ಕ್ರೀನ್ ನೋಡಿ ಗಾಬರಿಯಾದಳು. ಅವಳು ನಿಲ್ಲಿಸಿದ್ದು ಅರಮನೆಯ ತೋಟದಲ್ಲಿ. ಈಗ ಕಥೆ ಎಷ್ಟೋ ಮುಂದೆ ಹೋಗಿ ಯುದ್ಧಭೂಮಿಯಲ್ಲಿ ನಿಂತಿದೆ! ಯಾರೋ ಕೇಳಿದ್ದಾರೆ!

“ಧನೂ!” ಅವಳು ಕೂಗಿದಳು. “ನೀನೇನಾದ್ರೂ ಈ ಫೋನ್ ಮುಟ್ಟಿದ್ಯಾ? ನಿಜ ಹೇಳು!”

“ನಾನಲ್ಲಮ್ಮ,” ಎಂದಳು ಧನುಶ್ರೀ, ಹೋಂವರ್ಕಿನಿಂದ ತಲೆ ಎತ್ತದೆ. “ಅಪ್ಪ ದಿನಾ ಡ್ಯೂಟಿಗೆ ತಗೊಂಡ್ ಹೋಗ್ತಾರೆ. ವ್ಯಾನಲ್ಲಿ ಕಿವಿಗ್ ಹಾಕ್ಕೊಂಡಿರ್ತಾರಂತೆ. ಬಂದ್ಮೇಲೆ ಮತ್ತೆ ಅಲ್ಲೇ ಇಡ್ತಾರೆ. ನಿಂಗೆ ಹೇಳ್ಬೇಡ ಅಂದಿದ್ರು...”

ಪ್ರಮೋದಾ ಫೋನ್ ಹಿಡಿದುಕೊಂಡೇ ಮಂಚದ ಮೇಲೆ ಕೂತಳು.

ತನಿಖೆ! ನಾನು ಎಂಥೆಂಥದನ್ನು ಕೇಳುತ್ತಿದ್ದೆ ಅಂತ ಒಂದೊಂದೇ ಕಂತು ತೆಗೆದು ನೋಡುತ್ತಿದ್ದಾರೆ. ಇಷ್ಟು ವರ್ಷ ಬಾಳಿದವಳ ಮೇಲೆ ಇಷ್ಟೂ ನಂಬಿಕೆ ಇಲ್ಲವೇ? ನಾಚಿಕೆಯ ಜೊತೆಗೆ ಈಗ ಅವಳಿಗೆ ಸಿಟ್ಟೂ ಬಂತು. ನಾನೇನು ಯಾರ ಜೊತೆಗಾದರೂ ಓಡಿಹೋದೆನಾ? ಒಂದು ಕಥೆ ಕೇಳಿದೆ. ಅಷ್ಟೇ ತಾನೇ!

ಮಾರನೇ ದಿನ ಮಧ್ಯಾಹ್ನ ಶೆಡ್ಡಿಗೆ ಬಂದಾಗ ನಾಲ್ಕೂ ಮಗ್ಗ ಓಡುತ್ತಿದ್ದವು. ಅತ್ತೆ ಬಾಗಿಲ ಬಳಿ ಕೂತು ರೇಷ್ಮೆ ಎಳೆ ಬಿಡಿಸುತ್ತಿದ್ದರು. ಮುನಿರತ್ನಮ್ಮ ಅವಳ ಮೂಲೆಯಲ್ಲಿದ್ದಳು. ಮುರಳಿ ಯೂನಿಫಾರ್ಮಿನ ಪ್ಯಾಂಟಿನಲ್ಲೇ, ಬನಿಯನ್ ಹಾಕಿಕೊಂಡು ಮಗ್ಗಕ್ಕೆ ನಿಂತಿದ್ದ.

ಮತ್ತೆ ಅದೇ! ತುಟಿ ಮುಚ್ಚಿತು, ತೆರೆಯಿತು, ಮುಚ್ಚಿತು. ಇವತ್ತು ಇನ್ನೂ ಜೋರಾಗಿ. ಕತ್ತಿನ ನರಗಳು ಉಬ್ಬಿದ್ದವು.

ಅವಳಿಗೆ ತಡೆಯಲಾಗಲಿಲ್ಲ. ಮಗ್ಗಗಳ ಸಂದಿಯಲ್ಲಿ ನುಗ್ಗಿಕೊಂಡು ನೇರ ಅವನ ಬೆನ್ನ ಹಿಂದೆ ಹೋಗಿ ನಿಂತಳು. 'ಬೈಯೋದಾದ್ರೆ ಮುಖ ನೋಡಿ ಬೈರಿ' ಎನ್ನಬೇಕು ಎಂದು ಬಾಯಿ ತೆರೆದಳು...

ಕರೆಂಟ್ ಹೋಯಿತು.

“...ಪ್ರಮೋದಾ! ನನ್ಮೇಲೆ ಕೋಪ ಇದ್ರೆ ಬೈದ್ಬಿಡೇ! ಹಿಂಗ್ ಮಾತ್ ಬಿಡ್ಬೇಡ ಕಣೇ ಪ್ರಮೋದಾ!”

ಇಡೀ ಶೆಡ್ಡಿಗೆ ಕೇಳಿಸಿತು. ಇಡೀ ಬೀದಿಗೇ ಕೇಳಿಸಿತು ಅನ್ನಿ!

ಮುರಳಿ ಕಲ್ಲಾಗಿ ನಿಂತ. ಬಾಯಿ ತೆರೆದದ್ದು ತೆರೆದಂತೆ, ಕೈ ಎತ್ತಿದ್ದು ಎತ್ತಿದಂತೆ. ಕಿವಿಗಳು ಮಾತ್ರ ಕೆಂಪಗೆ ಸುಡುತ್ತಿದ್ದವು. ನಿಧಾನಕ್ಕೆ ತಿರುಗಿದವನು ಬೆನ್ನ ಹಿಂದೆಯೇ ನಿಂತಿದ್ದ ಹೆಂಡತಿಯನ್ನು ಕಂಡು ಇನ್ನಷ್ಟು ಕಲ್ಲಾದ.



'ಪಾಪಿ ಅಲ್ಲ... ನನ್ನ ಹೆಸರು! ಅದು ನನ್ನ ಹೆಸರು!' ಈ ಶೆಡ್ಡಿನಲ್ಲಿ ಯಾರೂ ಯಾವತ್ತೂ ಅದನ್ನು ಕರೆದಿರಲಿಲ್ಲ. ಅವಳಿಗೆ ಅದನ್ನು ಓದಲು ಬರುವುದಾದರೂ ಹೇಗೆ?

ಮುನಿರತ್ನಮ್ಮ ನಗಲು ಬಾಯಿ ತೆರೆದಳು. ಮುತ್ಯಾಲಮ್ಮ ಅವಳ ರಟ್ಟೆ ಹಿಡಿದೆಬ್ಬಿಸಿದರು.

“ಏಳೇ, ಕರೆಂಟ್ ಇವಾಗೆಲ್ ಬತ್ತದೆ. ಬಾ, ಕಾಫಿ ಕುಡ್ಯಾಣ.”

ಬಾಗಿಲು ದಾಟುವಾಗ ಆ ಮುದುಕಿ ಒಂದು ಕ್ಷಣ ನಿಂತರು. ಸೊಸೆಯ ಕಡೆ ತಿರುಗದೆಯೇ ಹೇಳಿದರು: “ನಿಮ್ ಮಾವ ಸಾಯೋಗಂಟ ನನ್ನ 'ಇವ್ಳೇ' ಅಂತ್ಲೇ ಕರುದ್ರು. ನಾನೂ ಕಾದೆ ಕಣವ್ವ, ಕಾದೆ.”

ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಮೇಲೆ ವಿಮಾನವೊಂದು ಇಳಿಯುವ ಸದ್ದು ಕೇಳಿ, ದೂರವಾಯಿತು.

“ದಿನಾ ಇದನ್ನೇ ಹೇಳ್ತಿದ್ರಾ?” ಅವಳು ಕೇಳಿದಳು.

ಅವನು ತಲೆಯಾಡಿಸಿದ. “ಅಭ್ಯಾಸ ಮಾಡ್ತಿದ್ದೆ... ಸದ್ದಿದ್ದಾಗ ಧೈರ್ಯ ಬರ್ತಿತ್ತು. ಸದ್ದು ನಿಂತ್ರೆ ನಾಲ್ಗೇನೇ ಹೊರಳ್ತಿರ್ಲಿಲ್ಲ.”

“ನಾನು... ನೀವು ನನ್ನ ಬೈತಿದ್ದೀರಿ ಅಂದ್ಕೊಂಡಿದ್ದೆ ರೀ. ಅವತ್ತು ಎಲ್ರ ಮುಂದೆ ನಿಮ್ ಮಾನ ಕಳ್ದೆ ಅಂತ...”

“ನನ್ ಮಾನ ಹೋಗಿದ್ದು ನಿಜ,” ಎಂದ ಮುರಳಿ. ಅವಳ ಮುಖ ಬಾಡಿತು. ಅವನು ಗಡಿಬಿಡಿಯಿಂದ ಮುಂದುವರಿಸಿದ. “ನಿನ್ನಿಂದಲ್ಲ! ಒಂದು ಮಶೀನು ನನ್ ಹೆಂಡ್ತಿ ಹತ್ರ ಅಷ್ಟು ಚೆನ್ನಾಗ್ ಮಾತಾಡ್ತದೆ, ನಾನು ಎದುರ್ಗೇ ನಿಂತು ಚಪ್ಪಾಳೆ ತಟ್ತೀನಲ್ಲ ಅಂತ ನಾಚ್ಕೆ ಆಗೋಯ್ತು. ಅದೇನ್ ಹೇಳ್ತಾನೋ ಕೇಳೋಣ ಅಂತ ಫೋನ್ ತಗೊಂಡೋದೆ. ಪ್ರಾಣವೇ ಗೀಣವೇ ಅಂತ ನಂಗೆಲ್ಲಿ ಬರುತ್ತೆ? ಹೆಸ್ರಾದ್ರೂ ಕರೆಯೋಣ ಅನ್ಕೊಂಡೆ. ಅಷ್ಟೂ ಬರ್ಲಿಲ್ಲ ನೋಡು... ತಪ್ಪಾಯ್ತು ಕಣೇ.”

ಪ್ರಮೋದಾ ಅತ್ತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಇಷ್ಟು ದಿನದ ನಾಚಿಕೆಯೆಲ್ಲ ಕರಗಿಹೋಗುವಷ್ಟು ಅತ್ತಳು. ಅವನು ಅವಳ ಹೆಗಲ ಮೇಲೆ ಕೈಯಿಟ್ಟ. ಬೆರಳಿಗೆ ರೇಷ್ಮೆ ಎಳೆಯೊಂದು ಸುತ್ತಿಕೊಂಡಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು. “ಆ ಅರಸ... ಕೊನೆಗಾದ್ರೂ ಹೆಸ್ರು ಹೇಳ್ತಾನಾ?”

“ಇನ್ನೂ ಇಲ್ಲ. ಯುದ್ಧ ಮಾಡ್ತಾ ಕೂತವ್ನೆ. ಕಲ್ಲಾಗೋಗ್ತೀನಿ ಅಂತ ಹೆದ್ರಿಕೆ ಅವ್ನಿಗೆ.”

“ನಿಮ್ಗೆ?”

“ನಾನ್ ಆಗ್ಲೇ ಆಗಿದ್ದು ನೋಡ್ಲಿಲ್ವಾ?” ಅವನು ಮೊದಲ ಸಲ ನಕ್ಕ. “ಏನಾಗಲ್ಲ. ಸ್ವಲ್ಪ ಹೊತ್ತಷ್ಟೇ.”

ಅವಳೂ ನಕ್ಕುಬಿಟ್ಟಳು. ಅಷ್ಟರಲ್ಲಿ ಕರೆಂಟ್ ಬಂತು! ಮಗ್ಗಗಳನ್ನು ಚಾಲೂ ಮಾಡಿದ್ದೇ ಶೆಡ್ಡು ಮತ್ತೆ ಗಡಗಡ ಎನ್ನತೊಡಗಿತು. ಪ್ರಮೋದಾ ತನ್ನ ಜಾಗಕ್ಕೆ ಹೋಗಿ ನಿಂತಳು. ಎದುರಿನಿಂದ ಅವನ ತುಟಿ ಅಲ್ಲಾಡಿತು. ಒಮ್ಮೆ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಈಗ ಅದನ್ನು ಓದಲು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಆದರೂ ಅವಳು ಕಿವಿಗೆ ಕೈಯಿಟ್ಟು, ಎಲ್ಲ ಸದ್ದನ್ನೂ ಮೀರಿ ಕೂಗಿದಳು.

“ಏನಂದ್ರಿ? ಕೇಳಿಸ್ಲಿಲ್ಲ!”

“ಪ್ರಮೋದಾ!”

“ಇನ್ನೂ ಕೇಳಿಸ್ತಿಲ್ಲ ರೀ... ಹತ್ರ ಬನ್ನಿ! ಇನ್ನೂ ಹತ್ರ!”