ತಲೆ ತಗ್ಗಿಸಿದ ಹೂವು

ಜಗದಾಂಬಾ ಮೇಡಂ ಸತ್ತು ಬಿದ್ದಿದ್ದು ಕರಗಿದ ಐಸಿನ ನೀರಿನಲ್ಲಿ.

1983ರ ಫೆಬ್ರವರಿ. ಶುಕ್ರವಾರ ಬೆಳಿಗ್ಗೆ ಏಳೂವರೆ. ರಾಜಾಜಿನಗರದ ಆ ಹಳೇ ಮನೆಗೆ ಪೊಲೀಸರ ಪೈಕಿ ಮೊದಲು ಕಾಲಿಟ್ಟವನು ನಾನು, ಹೆಡ್ ಕಾನ್‌ಸ್ಟೇಬಲ್ ಚಿಕ್ಕಹನುಮಯ್ಯ. ಅಡುಗೆಮನೆಯ ಹಿಂದೆ, ಮೊದಲು ದನ ಕಟ್ಟುತ್ತಿದ್ದ ಕೊಠಡಿ. ಒಳಗೆ ಹಗಲಿನಲ್ಲೂ ಮಬ್ಬು. ಕಲ್ಲಿನ ಬಾನಿಯ ಪಕ್ಕ ಮೇಡಂ ಮಗ್ಗುಲಾಗಿ ಬಿದ್ದಿದ್ದರು. ಬಾನಿಯ ಅಂಚಿಗೆ ರಕ್ತ ಹತ್ತಿತ್ತು. ಸುತ್ತಲೂ ನಲವತ್ತೆರಡು ಕುಂಡಗಳು. ಹೆಚ್ಚಿನವುಗಳಲ್ಲಿ ಹೂ ಬಿಟ್ಟಿತ್ತು, ಕೊಠಡಿ ತುಂಬ ಘಮಘಮ. ಹೆಣದ ಮುಂದೆ ಅಂಥ ಸುವಾಸನೆ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಮೇಡಂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ದಾವಣಗೆರೆ ಕಡೆಯವರು, ಒಂಟಿ ಜೀವ. ಚಳಿ ದೇಶದಲ್ಲಿ ಹಿಮ ಕರಗುವ ಹೊತ್ತಿಗೆ ಅರಳುವ ಗೆಡ್ಡೆ ಹೂಗಳನ್ನು ಬೆಂಗಳೂರಿನಲ್ಲಿ ಬೆಳೆಸುವ ಹುಚ್ಚು ಅವರಿಗೆ. ಡ್ಯಾಫೋಡಿಲ್, ಹೈಸಿಂತ್, ಇನ್ನೂ ನನ್ನ ನಾಲಿಗೆ ಹೊರಳದ ಹೆಸರುಗಳು. ಕುಂಡದ ಸುತ್ತ ದಿನಾ ಐಸ್ ಇಟ್ಟು, ಹಿಂದಿನ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿಸಿ ನೀರು ಚಿಮುಕಿಸಿ, ಆ ಗಿಡಗಳಿಗೆ ಇದು ಚಳಿಗಾಲ ಎಂದು ನಂಬಿಸುತ್ತಿದ್ದರಂತೆ.

ಐಸ್ ತರುತ್ತಿದ್ದವಳು ಅಂಜಮ್ಮ. ಬಿನ್ನಿಪೇಟೆಯ ಐಸ್ ಡಿಪೋದಿಂದ ಗೋಣಿ, ಮರದ ಹೊಟ್ಟು ಸುತ್ತಿ ದಿನಾ ತಲೆಯ ಮೇಲೆ ಹೊತ್ತು ತರುವಳು. ಹೆಣ ನೋಡಿ ಠಾಣೆಗೆ ಓಡಿಬಂದವಳೂ ಅವಳೇ. ಸೀರೆಗೆಲ್ಲ ರಕ್ತ, ಎತ್ತಲು ಹೋಗಿ ಹತ್ತಿತು ಎಂದಳು.

ಮೇಡಂ ಸದಾ ಒಳಗಿನಿಂದ ಬೀಗ ತಿರುಗಿಸಿಕೊಂಡೇ ಇರುತ್ತಿದ್ದರು. ಕೀಲಿ ಎರಡೇ. ಒಂದು ಮೇಡಂ ಸೊಂಟದಲ್ಲೇ ಇತ್ತು, ಇನ್ನೊಂದು ಅಂಜಮ್ಮನ ಹತ್ತಿರ. ಸತ್ತದ್ದು ಗುರುವಾರ ಮಧ್ಯಾಹ್ನ ಎಂದರು ಡಾಕ್ಟರು. ಹಿಂದಿನ ದಿನ ಐಸ್ ಕಡಿಮೆ ತಂದಳೆಂದು ಮೇಡಂ ಬೈದಿದ್ದನ್ನು ಪಕ್ಕದ ಮನೆಯವರು ಕೇಳಿದ್ದರು. ಗುರುವಾರ ಮಧ್ಯಾಹ್ನ ಸುಂಕದಕಟ್ಟೆಯ ಮನೆಯಲ್ಲಿ ಅವ್ವನ ಜೊತೆ ಇದ್ದೆ ಎಂದಳು ಅಂಜಮ್ಮ. ಆ ಅವ್ವ ಬೋರಮ್ಮನಿಗೆ ಲಕ್ವ ಹೊಡೆದು ಮಾತೇ ಇಲ್ಲ. ಇನ್ನು ಸಾಕ್ಷಿ ಹೇಳುವವರು ಯಾರು?

ಇನ್‌ಸ್ಪೆಕ್ಟರ್ ಸಾಹೇಬರು ಅಂಜಮ್ಮನನ್ನು ಕರೆತಾ ಎಂದರು. ನಾನೇ ಕರೆತಂದೆ. ಕೋರ್ಟು ಹತ್ತು ದಿನ ನಮ್ಮ ಕಸ್ಟಡಿಗೆ ಕೊಟ್ಟಿತು. ಆಮೇಲೆ ಜೈಲು.

ಮನೆಯ ಹಿಂದೆ ಒಂದು ಗಲ್ಲಿ ಇತ್ತು. ಸುತ್ತಿ ನೋಡಲು ಹೋದವನು ಅಲ್ಲಿಯ ಗಲೀಜು ಕಂಡು ಮೂಗು ಮುಚ್ಚಿಕೊಂಡು ವಾಪಸ್ ಬಂದೆ. ಒಳಗಿನಿಂದ ತಟ್ಟಿಯನ್ನು ಒಮ್ಮೆ ಅಲ್ಲಾಡಿಸಿದೆ, ಬಿಗಿಯಾಗಿತ್ತು. ಮಹಜರಿನಲ್ಲಿ ‘ಹಿಂಬದಿ ಭದ್ರ’ ಎಂದು ಬರೆದೆ. ಮುಂಬಾಗಿಲಿಗೆ ಅರಗಿನ ಸೀಲು ಒತ್ತಿದೆ.

*

ಮೇಡಂಗೆ ಉಳಿದಿದ್ದ ನೆಂಟ ಅಣ್ಣನ ಮಗ ಸಿದ್ದಬಸಪ್ಪ ಒಬ್ಬನೇ. ಮನೆ ಮಾರೋಣವೆಂದು ಅವನು ಹಿಂದೆ ಬಿದ್ದಿದ್ದನಂತೆ. ಆದರೆ ಆ ಗುರುವಾರ ಅವನು ದಾವಣಗೆರೆಯಲ್ಲಿ ಮದುವೆ ಊಟ ಬಡಿಸುತ್ತಿದ್ದ. ಇನ್ನೂರು ಜನ ನೋಡಿದ್ದರು.

ಏಕಾಂತಯ್ಯನವರು ಶನಿವಾರ ತಾವಾಗಿಯೇ ಠಾಣೆಗೆ ಬಂದರು. ವಿಜಯನಗರದವರು, ನಿವೃತ್ತ ಅಧಿಕಾರಿ. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಜುಬ್ಬ. ಮೇಡಂ ಹಾಗೆಯೇ ಗೆಡ್ಡೆ ಹೂ ಬೆಳೆಸುವವರು. ಸಂಕ್ರಾಂತಿಯ ನಂತರ ಆ ಮನೆಗೆ ತಾವು ಹೋಗಿಲ್ಲ ಎಂದರು. ಅಂಜಮ್ಮ ಸ್ವಲ್ಪ ಮುಂಗೋಪಿ ಎಂದೂ ಸೇರಿಸಿದರು.

ಸಬ್ ಇನ್‌ಸ್ಪೆಕ್ಟರ್ ಸೋಮಲಿಂಗಪ್ಪನವರು ಕೇಸಿನ ವಿಷಯ ಬಿಟ್ಟು ಗಿಡಗಳ ವಿಷಯವನ್ನೇ ಕೇಳುತ್ತಾ ಕೂತರು. ಅವುಗಳಲ್ಲಿ ಯಾವುದು ಹೆಚ್ಚಿನದು?

“ಹೆಲಿಬೋರು. ಊಟಿಯಿಂದ ಬೀಜ ತಂದು ಏಳು ವರ್ಷ ಸಾಕಿದಾರೆ. ಒಂದು ಸಲಾನೂ ಹೂ ಬಿಟ್ಟಿಲ್ಲ, ಈ ವರ್ಷ ಮೊಗ್ಗು ಕಟ್ಟಿತ್ತಂತೆ.”

“ಯಾವ ಬಣ್ಣ?”

“ಬೀಜದ ಗಿಡ ಸಾರ್. ಒಂದರ ಹಾಗೆ ಇನ್ನೊಂದು ಇರಲ್ಲ. ಅರಳೋವರೆಗೂ ಯಾರೂ ಹೇಳೋಕಾಗಲ್ಲ.”

ಸೋಮಲಿಂಗಪ್ಪ ಅದನ್ನೂ ಬರೆದುಕೊಂಡರು. ಇದರಿಂದ ಏನಾಗಬೇಕಿದೆ ಎಂದು ನಾನು ಒಳಗೊಳಗೇ ಗೊಣಗಿದೆ.

*

ಸೋಮವಾರ ಸುಂಕದಕಟ್ಟೆಗೆ, ಅಂಜಮ್ಮನ ಮನೆಗೆ ಹೋದೆ. ಕೆಲಸದ ಮೇಲಲ್ಲ, ಮನಸ್ಸು ತಡೆಯಲಿಲ್ಲ. ಪಕ್ಕದ ಮನೆಯ ಪಟಾಲಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಗಂಜಿ ಕುಡಿಸುತ್ತಿದ್ದಳು. ಹಗಲೆಲ್ಲ ಅವಳಿಗೆ ಅಗರಬತ್ತಿ ಕೆಲಸ. ನಾನು ಹೋದಾಗ ಬೋರಮ್ಮ ಒಬ್ಬಳೇ ಚಾಪೆಯ ಮೇಲೆ ಇದ್ದಳು. ತುಟಿ ಒಡೆದಿತ್ತು. ನೀರಿನ ಚೊಂಬು ಕೈಗೆ ಎಟುಕುವುದಕ್ಕೆ ಒಂದು ಗೇಣು ಸಾಲದು. ಅದನ್ನೇ ನೋಡುತ್ತಾ ಮಲಗಿದ್ದಳು.

ನೀರು ಕುಡಿಸಿದೆ. ಎರಡು ಲೋಟ ಕುಡಿದಳು. ಮಗಳು ಎಲ್ಲಿ ಎಂದು ಕಣ್ಣಲ್ಲೇ ಕೇಳಿದಳು. ನಾನು ತಲೆ ಎತ್ತಲಿಲ್ಲ. ನಾನು ತಪ್ಪು ಮಾಡಿದ್ದೇನೆ ಎಂದು ಮೊದಲ ಸಲ ಅನ್ನಿಸಿದ್ದು ಅಲ್ಲಿ.

*

ಗುರುವಾರ ಸೀಲು ಒಡೆದು ಮನೆ ತೆಗೆದೆವು. ಒಂದು ವಾರ ಮುಚ್ಚಿದ ಮನೆ, ನೆತ್ತಿ ಸುಡುವ ಬಿಸಿಲು. ಗಿಡಗಳೆಲ್ಲ ಸುಟ್ಟು ಕರಕಲಾಗಿರುತ್ತವೆ ಎಂದುಕೊಂಡಿದ್ದೆ.

ಅಡುಗೆಮನೆ ದಾಟುವಾಗಲೇ ಮೂಗಿಗೆ ಬಡಿಯಿತು, ಒದ್ದೆ ಲಾವಂಚದ ವಾಸನೆ. ಕಾಲ ಕೆಳಗೆ ನೆಲ ತಣ್ಣಗಿತ್ತು. ಕೊಠಡಿಯಲ್ಲಿ ನಲವತ್ತೆರಡು ಕುಂಡಗಳೂ ಹಸಿಯಾಗಿದ್ದವು. ಹೂಗಳು ನಿನ್ನೆ ಅರಳಿದಂತೆ ನಿಂತಿದ್ದವು. ಬಾಡಿದ ಒಂದು ಎಲೆಯೂ ಇಲ್ಲ, ಯಾರೋ ಚಿವುಟಿ ತೆಗೆದಿದ್ದರು. ಒಂದು ಕುಂಡದ ಅಂಚಿನಲ್ಲಿ ಐಸಿನ ಚೂರು ಇನ್ನೂ ಕರಗುತ್ತಿತ್ತು.

ಅರಗಿನ ಸೀಲು ನಾನು ಒತ್ತಿದ ಹಾಗೇ ಇತ್ತು. ಐಸ್ ತರುವ ಅಂಜಮ್ಮ ಲಾಕಪ್ಪಿನಲ್ಲಿದ್ದಳು. ಇನ್ನು ಉಳಿದವರು ಮೇಡಂ ಒಬ್ಬರೇ.

“ಸಾರ್, ಹೊರಗೆ ಹೋಗೋಣ” ಎಂದೆ.

ಸೋಮಲಿಂಗಪ್ಪ ಅಲುಗಲಿಲ್ಲ. ಐಸಿನ ಚೂರನ್ನೇ ನೋಡುತ್ತಾ ನಿಂತರು.

ಸುದ್ದಿ ಕೇಳಿದ ಇನ್‌ಸ್ಪೆಕ್ಟರ್ ಸಾಹೇಬರು ಅಂಜಮ್ಮನ ಜೊತೆಗಾರ ಯಾರೋ ಇದ್ದಾನೆ ಎಂದರು. ಬೀದಿಯವರು ಮೇಡಂ ಆತ್ಮ ಎಂದರು. ನನ್ನ ಓಟು ಬೀದಿಯವರಿಗೆ. ಅಂದು ರಾತ್ರಿಯಿಡೀ ಇಬ್ಬರು ಪೇದೆಗಳನ್ನು ಒಳಗೆ ಕಾವಲಿಗೆ ಕೂರಿಸಿದ್ದಾಯಿತು. ಯಾರೂ ಬರಲಿಲ್ಲ. ಬೆಳಿಗ್ಗೆ ಅವರನ್ನು ಕಳಿಸಿ, ಬೀಗ ಹಾಕಿಕೊಂಡು ಬಂದೆವು. ಶುಕ್ರವಾರ ಸಂಜೆ ಹೋಗಿ ನೋಡಿದರೆ ಕುಂಡಗಳ ಸುತ್ತ ಹೊಸ ಐಸು.

ದೆವ್ವ ರಾತ್ರಿ ಬರುತ್ತದೆಂದು ನಾವು ರಾತ್ರಿ ಕಾದೆವು. ಅದು ಮಧ್ಯಾಹ್ನ ಬರುತ್ತಿತ್ತು, ಬೀದಿಯೆಲ್ಲ ಊಟ ಮಾಡಿ ಅಡ್ಡಾದ ಹೊತ್ತಿಗೆ.

ಸೋಮಲಿಂಗಪ್ಪ ಆಮೇಲೆ ಗಲ್ಲಿಗೆ ಹೋದರು. ಮೂಗು ಮುಚ್ಚಿಕೊಳ್ಳಲಿಲ್ಲ. ತಟ್ಟಿಯ ಕೆಳಗಿನ ಎರಡು ಮೂಲೆಗಳನ್ನು ಹೊರಗಿನಿಂದ ತೆಂಗಿನ ಹುರಿಯಲ್ಲಿ ಕಟ್ಟಿದ್ದರು. ಹುರಿ ಹೊಸದು. ಬಿಚ್ಚಿದರೆ ತಟ್ಟಿ ಬಾಗಿಲಿನಂತೆ ಮೇಲೆದ್ದಿತು. ಕಿಟಕಿಗೆ ಸರಳಿರಲಿಲ್ಲ, ಒಬ್ಬ ಮನುಷ್ಯ ಬಗ್ಗಿ ಒಳಬರುವಷ್ಟು ಜಾಗ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಕುಂಡಗಳ ಪಟ್ಟಿ ಮಾಡಲು ಹೇಳಿದರು. ಹೆಲಿಬೋರ್ ಕುಂಡದ ಹತ್ತಿರ ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕಿದರು. ನಾನು ಏನು ಬರೆದೆ ಎಂದು ಓದಿ ನೋಡಿ, ಒಂದಕ್ಷರವೂ ತಿದ್ದಬೇಡಿ ಎಂದರು.

*

ಶನಿವಾರ ಬೆಳಿಗ್ಗೆ ಏಕಾಂತಯ್ಯನವರನ್ನು ಠಾಣೆಗೆ ಕರೆಸಿದರು. ಸೋಮವಾರ ಅಂಜಮ್ಮ ಜೈಲಿಗೆ ಹೋಗುವವಳು, ಉಳಿದಿರುವುದು ಎರಡೇ ದಿನ. ಗಿಡಗಳನ್ನು ಯಾರಿಗಾದರೂ ಒಪ್ಪಿಸಬೇಕು, ನಿಮ್ಮ ಸಲಹೆ ಬೇಕು ಎಂದರು ಸೋಮಲಿಂಗಪ್ಪ. ಏಕಾಂತಯ್ಯನವರ ಮುಖ ಅರಳಿತು. ಕಾಫಿ ಬಂತು. ಪಟ್ಟಿ ಓದಲು ನನಗೆ ಹೇಳಿದರು.

ಓದಿದೆ. ಡ್ಯಾಫೋಡಿಲ್ ಹನ್ನೊಂದು. ಹೈಸಿಂತ್ ಒಂಬತ್ತು. ಏಕಾಂತಯ್ಯ ತಲೆ ಆಡಿಸುತ್ತಿದ್ದರು.

“ಮೂರನೇ ಸಾಲು, ಐದನೇ ಕುಂಡ. ಹೆಲಿಬೋರ್ ಅನ್ನುವ ಗಿಡ. ತಲೆ ತಗ್ಗಿಸಿದ ಒಂದು ಹೂ. ಬರೀ ಬಿಳಿ. ವಿಶೇಷ ಏನೂ ಇಲ್ಲ.”

“ಬರೀ ಬಿಳಿ ಅಲ್ರೀ ಅದು” ಎಂದರು ಏಕಾಂತಯ್ಯ. ನಿಜವಾಗಿಯೂ ನೊಂದುಕೊಂಡಿದ್ದರು. “ಆ ಹೂವಿನ ಮುಖ ನೆಲಕ್ಕಿರುತ್ತೆ. ಬೆರಳಲ್ಲಿ ಎತ್ತಿ ನೋಡ್ಬೇಕು. ಒಳಗೆಲ್ಲ ಕುಂಕುಮ ಉದುರಿಸಿದ ಹಾಗೆ ಚುಕ್ಕಿ ಇದೆ.”

ನಾನು ಸುಮ್ಮನೆ ಮುಂದಿನ ಕುಂಡ ಓದಲು ಹೊರಟೆ. ಸೋಮಲಿಂಗಪ್ಪ ಕೈ ಅಡ್ಡ ಹಿಡಿದರು.

“ಯಾವಾಗ ಎತ್ತಿ ನೋಡಿದ್ರಿ?”

ಏಕಾಂತಯ್ಯ ಕಾಫಿ ಲೋಟ ಕೆಳಗಿಟ್ಟರು. ಯಾವುದೋ ಪುಸ್ತಕದಲ್ಲಿ ಚಿತ್ರ ನೋಡಿದ ನೆನಪು ಎಂದರು.

“ಬೀಜದ ಗಿಡ, ಅರಳೋವರೆಗೂ ಯಾರೂ ಹೇಳೋಕಾಗಲ್ಲ ಅಂತ ನೀವೇ ಹೇಳಿದ್ರಿ.” ಸೋಮಲಿಂಗಪ್ಪ ಮೇಜಿನ ಮೇಲೆ ಒಂದು ಫೋಟೋ ಇಟ್ಟರು. ಹೆಣ ಸಿಕ್ಕ ಬೆಳಿಗ್ಗೆ ನಮ್ಮವರು ತೆಗೆದದ್ದು. ಬಾನಿಯ ಹಿಂದೆ ಅದೇ ಕುಂಡ, ಅದರಲ್ಲಿ ಬಿಗಿಯಾಗಿ ಮುಚ್ಚಿದ ಮೊಗ್ಗು. “ಅವತ್ತು ಮನೆಗೆ ಸೀಲು ಬಿತ್ತು. ಹೂ ಅರಳಿದ್ದು ಆಮೇಲೆ. ನಾನು ನಿನ್ನೆ ಎತ್ತಿ ನೋಡಿದೆ. ಪಟ್ಟಿ ಬರೆದ ಇವರಿಗೆ ಎತ್ತಿ ನೋಡ್ಬೇಕು ಅಂತಾನೂ ಗೊತ್ತಿರಲಿಲ್ಲ. ಮತ್ಯಾರೂ ನೋಡಿಲ್ಲ.”

ಸೋಮಲಿಂಗಪ್ಪ ದನಿ ಏರಿಸದೆ ಉಳಿದದ್ದನ್ನೂ ಹೇಳಿದರು. ಐಸನ್ನು ಗಿಡದ ಬುಡಕ್ಕೆ ತಾಕಿಸದೆ, ಹೊಟ್ಟಿನ ಮೇಲೆ, ಕುಂಡದ ಅಂಚಿಗೆ ಇಟ್ಟಿದ್ದರು. ಅದು ಕಳ್ಳನ ಕೈಯಲ್ಲ, ದೆವ್ವದ ಕೈಯೂ ಅಲ್ಲ, ಬೆಳೆಸಿದವನ ಕೈ. ಹೆಲಿಬೋರಿನ ಬುಡದ ಒಂದು ಪಕ್ಕವನ್ನು ಚಾಕುವಿನಲ್ಲಿ ಕೊಯ್ದ ಗುರುತು ಮಣ್ಣಿನ ಕೆಳಗಿತ್ತು. ಬಿನ್ನಿಪೇಟೆಯ ಡಿಪೋದವನು ಅಂದು ಬೆಳಿಗ್ಗೆಯಷ್ಟೇ ಹೇಳಿದ್ದ: ಒಂದು ವಾರದಿಂದ ವಿಭೂತಿ ಹಚ್ಚಿದ ಹಿರಿಯರೊಬ್ಬರು ದಿನಾ ಸ್ಕೂಟರಿನಲ್ಲಿ ಬಂದು ಐಸ್ ಒಯ್ಯುತ್ತಿದ್ದಾರೆ.

ಏಕಾಂತಯ್ಯ ಅಳಲಿಲ್ಲ. ಪಾಠ ಒಪ್ಪಿಸಿದಂತೆ ಹೇಳಿದರು. ಒಂದು ತುಂಡು ಕೊಡಿ ಎಂದು ಏಳು ವರ್ಷದಿಂದ ಕೇಳುತ್ತಿದ್ದರು. ಹೂ ಬಿಡುವ ಮುಂಚೆ ಕೊಯ್ದರೆ ಗಿಡ ಸಾಯುತ್ತದೆ ಎಂದು ಮೇಡಂ ಒಪ್ಪಲಿಲ್ಲ. ಅವರು ಮಧ್ಯಾಹ್ನ ಮಲಗುವ ಹೊತ್ತು ನೋಡಿ ಗಲ್ಲಿಯಿಂದ ನುಗ್ಗಿ ಕೊಯ್ಯುತ್ತಿದ್ದಾಗ ಮೇಡಂ ಎದ್ದು ಬಂದು ಕೈ ಹಿಡಿದರು. ಇವರು ತಳ್ಳಿದರು. ಕೊಯ್ದು ಒಯ್ದ ತುಂಡು ವಿಜಯನಗರದ ಮನೆಯಲ್ಲಿ ಮೂರನೇ ದಿನಕ್ಕೇ ಕೊಳೆತುಹೋಯಿತು. ಆಮೇಲೆ ಇವರಿಗೆ ನಿದ್ದೆ ಹತ್ತಲಿಲ್ಲ. ಮೇಡಂ ಸತ್ತರೆಂದಲ್ಲ, ತಾಯಿಗಿಡ ಬಿಸಿಲಿಗೆ ಸಾಯುತ್ತದೆಂದು.

“ಏಳು ವರ್ಷ ಸಾರ್. ಅರಳೋ ಟೈಮಲ್ಲಿ ಒಣಗಿಸೋಕೆ ಮನಸ್ಸು ಬರಲಿಲ್ಲ” ಎಂದರು.

ಎಷ್ಟೋ ಕೊಲೆಗಾರರನ್ನು ಕಂಡಿದ್ದೇನೆ. ಅಷ್ಟು ಮೃದುವಾಗಿ ಮಾತಾಡಿದವರು ಇವರೊಬ್ಬರೇ.

*

ಕಾಗದಪತ್ರ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಜಡ್ಜಿಯವರ ಮನೆಗೇ ಹೋಗಿ ಆರ್ಡರ್ ತಂದರು ಸೋಮಲಿಂಗಪ್ಪ. ಲಾಕಪ್ಪಿನ ಬೀಗ ತೆಗೆದವನು ನಾನು. ಅಂಜಮ್ಮ ಸೆರಗು ಸರಿಮಾಡಿಕೊಂಡು ಹೊರಬಂದಳು. ಒಂಬತ್ತು ದಿನಕ್ಕೆ ಅರ್ಧ ಆಗಿದ್ದಳು. ನಡೆದದ್ದನ್ನೆಲ್ಲ ಸೋಮಲಿಂಗಪ್ಪ ಅವಳಿಗೆ ಹೇಳಿದರು. ಅವಳು ಕೊನೆಯವರೆಗೂ ಕೇಳಿದಳು.

ಬೆಂಚಿನ ಮೇಲೆ ಏಕಾಂತಯ್ಯ ಕೂತಿದ್ದರು. ಅವಳು ಅವರ ಮುಂದೆ ನಿಂತಳು.

“ಗಿಡ ಬಾಡ್ಬಾರ್ದು ಅಂತ ದಿನಾ ಐಸ್ ಹೊತ್ತಿದೀರ ಸಾರ್” ಎಂದಳು. “ನಮ್ಮವ್ವಂಗೆ ಒಂದು ಲೋಟ ನೀರು ಕೊಡೋರು ಯಾರು ಅಂತ ಒಂದಿನಾನೂ ಅನ್ನಿಸ್ಲಿಲ್ವಾ?”

ಅಂಜಮ್ಮ ಉತ್ತರಕ್ಕೆ ಕಾಯಲಿಲ್ಲ. ಬೀಗದ ಕೈ ಹಿಡಿದು ನಿಂತಿದ್ದ ನನ್ನನ್ನೂ ಒಂದು ಸಲ ನೋಡಿದಳು. ಆಮೇಲೆ ಮೆಟ್ಟಿಲು ಇಳಿದು ಸುಂಕದಕಟ್ಟೆ ಬಸ್ಸಿಗೆ ಓಡಿದಳು.