ಚೆಂಬಲ್ಲ, ಚೇಂಬು

“ಇದಲ್ಲ ಮೋಳೇ!”

ಬಾಗಿಲಲ್ಲಿ ನಿಂತಿದ್ದ ಸುಮಿತ್ರ ಚೇಚಿ, ಮಹತಿ ಕೊಟ್ಟ ತಾಮ್ರದ ಚೆಂಬನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಮ್ಮ ಹುಣಸೆಹಣ್ಣು ಹಾಕಿ ಉಜ್ಜಿದ್ದ ಚೆಂಬು ಫಳಫಳ ಹೊಳೆಯುತ್ತಿತ್ತು.

“ಫೋನಲ್ಲಿ ಚೆಂಬು ಎತ್ತಿಡು ಅಂದ್ರಲ್ಲ?” ಮಹತಿ ತನಗೆ ಬರುವಷ್ಟು ಮಲಯಾಳಂನಲ್ಲಿ ಕೇಳಿದಳು. ಚೇಚಿ ಎಂದರೆ ಅಕ್ಕ, ಮೋಳೇ ಎಂದರೆ ಮಗಳೇ, ಅಷ್ಟು ಅವಳಿಗೆ ಗೊತ್ತಿತ್ತು.

“ಚೆಂಬಲ್ಲ, ಚೇಂಬು! ಚೇಏಏಂಬು!” ಚೇಚಿ ಎರಡೂ ಕೈ ಅಗಲಿಸಿ ದೊಡ್ಡ ಎಲೆ ತೋರಿಸಿದರು. ಆಮೇಲೆ ಬಗ್ಗಿ ಮಣ್ಣು ಅಗೆಯುವ ಹಾಗೆ ಮಾಡಿದರು.

ಮಹತಿ ಒಳಗೆ ತಿರುಗಿ ಕೂಗಿದಳು.

“ಅಮ್ಮಾ, ಕೆಸುವಿನ ಗೆಡ್ಡೆ ಕಣಮ್ಮಾ! ಅಪ್ಪ ಬುಟ್ಟೀಲಿ ತಂದಿಟ್ಟಿದ್ರಲ್ಲ, ಅದು!”

“ಅಯ್ಯೋ! ಅದನ್ನ ಈಗಷ್ಟೇ ಎರಡು ಮನೆಗೆ ಹಂಚಿಬಿಟ್ಟೆನಲ್ಲೇ! ಉಳಿದಿದ್ದು ಹುಳಿಗೆ ಹಾಕಿದೀನಿ.”

ಒಳಗೆ ಕುಕ್ಕರ್ ಸೀಟಿ ಹೊಡೆಯಿತು.

ಅಪ್ಪ ಕೃಷ್ಣಮೂರ್ತಿ ಇಲ್ಲಿನ ಶ್ರೀಕಾರ್ಯಂನ ಸಂಶೋಧನಾ ಕೇಂದ್ರದಲ್ಲಿ ಗೆಡ್ಡೆಗೆಣಸಿನ ವಿಜ್ಞಾನಿ. ಇವತ್ತು ಎರ್ನಾಕುಲಂನಲ್ಲಿ ಮೀಟಿಂಗ್. ರೈಲು ಹಿಡಿಯುವ ಗಡಿಬಿಡಿಯಲ್ಲಿ ಬುಟ್ಟಿಯಲ್ಲಿರುವುದು ಚೇಚಿಗೆ ಕೊಡಬೇಕಾದ ಬೀಜದ ಗೆಡ್ಡೆ ಎಂದು ಯಾರಿಗೂ ಹೇಳಿರಲಿಲ್ಲ. ನಿನ್ನೆ ಚೇಚಿಯ ಫೋನ್ ಎತ್ತಿದ್ದು ಮಹತಿ. “ಸರಿಯಾಗಿ ಕೇಳಿಸ್ಕೊಂಡ್ಯಾ?” ಎಂದು ಅಮ್ಮ ಕೇಳಿದಾಗ, “ನಂಗೆ ಮಲಯಾಳಂ ಬರುತ್ತಮ್ಮ” ಎಂದು ಜಂಬದಿಂದ ಹೇಳಿದ್ದಳು. ಮೈಸೂರಿನಿಂದ ಬಂದು ಮೂರೇ ತಿಂಗಳಾಗಿತ್ತು!

ಚೇಚಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರು ಊರಲ್ಲಿ ಕೆಸು ಬೆಳೆಯುವವರು. ಹೋದ ವರ್ಷ ಮಳೆಗೆ ರೋಗ ಬಂದು ಎಲೆಯೆಲ್ಲ ಕರಗಿಹೋಯಿತಂತೆ. ಮಾರಲು ಒಂದು ಗೆಡ್ಡೆಯೂ ಸಿಗಲಿಲ್ಲವಂತೆ. ಈ ಸಲ ಹನ್ನೆರಡು ಹೆಂಗಸರು ಸೇರಿ ಗೆಡ್ಡೆ ನೆಡಲು ಮಣ್ಣು ಅಗೆದು ಸಾಲು ಮಾಡಿಟ್ಟಿದ್ದಾರೆ.

“ಈ ತಳಿಗೆ ಆ ರೋಗ ಅಷ್ಟಾಗಿ ಬರಲ್ಲ ಅಂತ ಸಾರ್ ಹೇಳಿದ್ರು. ನಾಳೆಯೊಳಗೆ ನೆಡಬೇಕಿತ್ತು ಮೋಳೇ.”

ಮಹತಿ ಚಪ್ಪಲಿಯನ್ನೂ ಹಾಕದೆ ಓಡಿದಳು.

ಮಹಡಿ ಮನೆಯ ರತ್ನ ಆಂಟಿ ಆಗಲೇ ಚಾಕು ಹಿಡಿದು ಕೂತಿದ್ದರು. ಐದು ಗೆಡ್ಡೆಯ ಸಿಪ್ಪೆ ಹೋಗಿತ್ತು. ಮಹತಿ ಚೇಚಿಯ ವಿಷಯ ಹೇಳಿ ಗೆಡ್ಡೆ ವಾಪಸ್ ಕೇಳಿದಳು.

“ಇಷ್ಟಕ್ಕೆ ಹೀಗೆ ಏದುಸಿರು ಬಿಡ್ತಾರಾ? ಅಂಗಡೀಲಿ ತಗೊಂಡು ನೆಡೋಕೆ ಹೇಳು ಅವಳಿಗೆ.”

ಮಹತಿಗೆ ಸಿಟ್ಟು ನೆತ್ತಿಗೇರಿತು. “ಅವಳಿಗಲ್ಲ ಆಂಟಿ, ಅವರಿಗೆ! ಅಂಗಡೀದು ನೆಟ್ಟು ಮತ್ತೆ ಕೊಳೆತುಹೋದ್ರೆ? ಎಲ್ರದ್ದೂ ಕೊಳೆತ್ರೆ ಅಂಗಡಿಗೆ ಎಲ್ಲಿಂದ ಬರುತ್ತೆ?”

ಆಂಟಿ ಚಾಕು ಕೆಳಗಿಟ್ಟರು. ಉಳಿದದ್ದನ್ನು ತಾವೇ ಚೀಲಕ್ಕೆ ತುಂಬಿದರು.

ಹಿಂದಿನ ಮನೆಯ ಆದರ್ಶ ಅವಳ ಕ್ಲಾಸಿನವನೇ. “ಕೊಟ್ಟಿದ್ದು ವಾಪಸ್ ಕೇಳ್ತೀಯಾ? ಶೇಮ್ ಶೇಮ್!”

“ಹೌದು, ಶೇಮೇ. ಬೇಗ ಕೊಡೋ!”

ಪುಣ್ಯಕ್ಕೆ ಅವರ ಮನೆಯಲ್ಲಿ ಇನ್ನೂ ತೊಳೆದೂ ಇರಲಿಲ್ಲ.

ಚೇಚಿ ಗೆಡ್ಡೆಗಳನ್ನು ನೆಲದ ಮೇಲೆ ಹರಡಿ, ಒಂದೊಂದರ ಮೊಳಕೆಯ ಕಣ್ಣನ್ನೂ ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

“ಐದು ಸಾಲು ಅಂದುಕೊಂಡಿದ್ವಿ. ಮೂರಕ್ಕಾಗುತ್ತೆ.”

“ಸಾರಿ ಚೇಚಿ,” ಎಂದಳು ಮಹತಿ.

“ಮೂರು ಸಾಲು ಚೆನ್ನಾಗಿ ಬಂದ್ರೆ ಮುಂದಿನ ವರ್ಷ ಹನ್ನೆರಡು ಮನೆಗೂ ಬೀಜದ ಗೆಡ್ಡೆ ನಮ್ಮದೇ. ಕೀಳೋವಾಗ ನೀನೂ ಬಾ.”

ಊಟಕ್ಕೆ ಕೂರಿಸಿದಾಗ ಅಮ್ಮನಿಗೆ ಹುಳಿ ಬಡಿಸಲು ನಾಚಿಕೆ. ಚೇಚಿಯೇ ಕೇಳಿ ಹಾಕಿಸಿಕೊಂಡರು. “ರುಚಿ ಹೆಂಗೆ ಅಂತ ಕೊಳ್ಳೋರು ಕೇಳಿದ್ರೆ ಹೇಳ್ಬೇಕಲ್ಲ?” ಎರಡನೇ ಸಲವೂ ಹಾಕಿಸಿಕೊಂಡರು.

ಮಹತಿ ಬಸ್‌ಸ್ಟಾಪಿನವರೆಗೂ ಜೊತೆಗೆ ಹೋದಳು. ಮಳೆ ಹನಿಯುತ್ತಿತ್ತು. ಚೀಲ ಕೆಳಗಿಡಿ ಎಂದು ಕಂಡಕ್ಟರ್ ಕೈ ತೋರಿಸಿದ. ಬಸ್ಸಿನ ನೆಲವೆಲ್ಲ ಕೆಸರು. ಚೇಚಿ ಚೀಲವನ್ನು ತೊಡೆಯ ಮೇಲೆ ಕೂರಿಸಿಕೊಂಡು ಶಾಲು ಹೊದಿಸಿದರು.

ಬಸ್ಸು ಹೊರಟಿತು. ಟಾಟಾ ಮಾಡಲು ಮಹತಿ ಕೈ ಎತ್ತಿದಳು. ಚೇಚಿ ಕೈ ಬೀಸಲಿಲ್ಲ. ಅವರ ಎರಡೂ ಕೈ ಚೀಲವನ್ನು ತಬ್ಬಿದ್ದವು.

ಮಹತಿಗೆ ಬೇಜಾರಾಗಲಿಲ್ಲ. ಇಬ್ಬರ ಪರವಾಗಿಯೂ ತಾನೇ ಕೈ ಬೀಸಿದಳು.