ಯಾಂಗನ ಬಿಳಿ ಟೋಪಿ

ಚೀನಾದ ಕೈಫೆಂಗಿನ ನಮ್ಮ ಕುರಿಸಾರಿನ ಅಂಗಡಿಗೆ ಗೆಂಗ್ ಯಾಂಗ್ ಮೊದಲ ಸಲ ಕಾಲಿಟ್ಟದ್ದೇ ಕೈಯಲ್ಲಿ ಹಂದಿಮಾಂಸದ ಬನ್ನು ಹಿಡಿದುಕೊಂಡು.

"ನಡಿ ಹೊರಗೆ!" ಎಂದೆ.

"ಸಾರು ಕುಡಿಯೋಕೆ ಬಂದೆ ಕಣೇ."

"ಬಾಗಿಲ ಮೇಲೆ ಹಲಾಲ್ ಅಂತ ಅಷ್ಟು ದಪ್ಪಕ್ಕೆ ಬರೆದಿರೋದು ಅಲಂಕಾರಕ್ಕಾ? ಎದುರಿಗೇ ಕನ್ನಡಕದ ಅಂಗಡಿ ಇದೆ. ಒಂದು ಕೊಂಡ್ಕೊಂಡು ಓದು."

"ಆ ಅಂಗಡಿ ನಂದೇ," ಎಂದು ನಕ್ಕ. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಹಾಳಾದ್ದು, ಅದನ್ನು ನಾನು ನೋಡಿಬಿಟ್ಟೆ.

ಬನ್ನು ಎಸೆದು, ಕೈ ಬಾಯಿ ತೊಳೆದು ಮತ್ತೆ ಬಂದ. ಅಂದಿನಿಂದ ದಿನಾ ಬಂದ. ಬಟ್ಟಲಿನ ಆವಿ ಕನ್ನಡಕಕ್ಕೆ ಕೂರುತ್ತಿತ್ತು. ಅದನ್ನು ಒರೆಸುವ ನೆಪದಲ್ಲಿ ನನ್ನನ್ನೇ ನೋಡುತ್ತಿದ್ದ.

"ಕನ್ನಡಕ ಇಲ್ದೆ ಏನು ಕಾಣ್ಸುತ್ತೋ ನಿಂಗೆ?"

"ಕೆಂಪಗೆ ಏನೋ ಒಂದು. ಬೈತಾ ಇದ್ರೆ ಸುಚಿನ್ ಅಂತ ಗೊತ್ತಾಗುತ್ತೆ."

ನನಗೆ ಅವನೆಂದರೆ ಪ್ರಾಣ. ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕಿದೆ? ಆದರೆ ಇಸ್ಲಾಮಿಗೆ ಬಾರದವನಿಗೆ ನಮ್ಮ ಮನೆಯಲ್ಲಿ ಹೆಣ್ಣು ಕೊಡುವುದಿಲ್ಲ. ಅದನ್ನು ಹೇಳಿದ ದಿನ ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಅಷ್ಟೇ ತಾನೇ? ನಿನಗೋಸ್ಕರ ಏನು ಬೇಕಾದ್ರೂ ಆಗ್ತೀನಿ."

ಅಂದೇ ನನ್ನ ಮನಸ್ಸಿಗೆ ಹುಳಿ ಹಿಂಡಿದಂತಾಯಿತು. ಏನು ಬೇಕಾದರೂ ಆಗುವವನು ನಾಳೆ ಏನಾದರೂ ಆಗಬಹುದಲ್ಲ!

ಆಮೇಲೆ ಶುರುವಾಯಿತು ನೋಡಿ ಇವನ ನಾಟಕ. ಇಸ್ತ್ರಿ ಮಾಡಿದ ಬಿಳಿ ಟೋಪಿ ಬಂತು. ರಂಜಾನಿನಲ್ಲಿ ರೋಜಾ ಹಿಡಿದ, ದಿನಾ ಸಂಜೆ ಖರ್ಜೂರ ಬಾಯಿಗಿಡುವ ಫೋಟೋ ಊರಿಗೆಲ್ಲ ಕಳಿಸಿದ. ನಮಾಜಿನಿಂದ ಹೊರಬಂದವನ ಕಣ್ಣು ಮೊದಲು ಹುಡುಕುತ್ತಿದ್ದದ್ದು ನನ್ನನ್ನು, ನೋಡಿದಳೋ ಇಲ್ಲವೋ ಎಂದು. ಅಪ್ಪನನ್ನು ಆಗಲೇ 'ಮಾವ' ಎನ್ನುತ್ತಿದ್ದ. ಅಪ್ಪನಿಗೆ ಹಾಲು ಕುಡಿದಷ್ಟು ಸಂತೋಷ.

"ಹುಡುಗ ಚಿನ್ನ ಕಣೇ," ಎನ್ನುತ್ತಿದ್ದರು.

"ಒರೆಗೆ ಹಚ್ಚಿ ನೋಡಿದ್ಯಾ ಅಪ್ಪ?"

ಕೊನೆಗೆ ಒಂದು ಶುಕ್ರವಾರ ನಿಗದಿಯಾಯಿತು. ಮಧ್ಯಾಹ್ನ ಗಂಡಸರ ಮಸೀದಿಯಲ್ಲಿ ಅವನು ಕಲಿಮಾ ಹೇಳಿ ಮುಸಲ್ಮಾನನಾಗುವುದು, ಸಂಜೆ ನಿಕಾಹ್ ಮಾತುಕತೆ. ಆ ದಿನ ಬೆಳಿಗ್ಗೆಯೇ ಹೆಂಗಸರ ಮಸೀದಿಯ ಅಂಗಳದಲ್ಲಿ ಎಣ್ಣೆರೊಟ್ಟಿ ಕರಿಯಲು ಕೂತೆವು. ನಮ್ಮೂರಲ್ಲಿ ಹೆಂಗಸರ ಮಸೀದಿಗೆ ಹೆಂಗಸೇ ಇಮಾಮ್; ಇಲ್ಲಿಯ ಇಮಾಮ್ ನಮ್ಮ ಅತ್ತೆ, ಅಪ್ಪನ ಅಕ್ಕ. ಆ ರೊಟ್ಟಿ ಬರೀ ಹೊಟ್ಟೆಗಲ್ಲ, ದೇವರ ಹೆಸರಿಗೆ. ಮುಟ್ಟುವವರು ಆ ದೇವರ ನೆನಪಿನಲ್ಲಿ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿರಬೇಕು. ಮೈ ತೊಳೆದರೆ ಸಾಲದು, ನಿಯತ್ತು ಇರಬೇಕು.

ಅಪ್ಪನ ಜೊತೆ ಎಣ್ಣೆ ಡಬ್ಬ ಹೊತ್ತು ಬಂದ ಯಾಂಗ್ ತೋಳು ಮಡಚಿ ಹಿಟ್ಟಿಗೆ ಕೈ ಹಾಕಿದ.

"ಸ್ನಾನ ಆಯ್ತಾ ಮಗ?" ಅತ್ತೆ ಕೇಳಿದರು.

"ಎರಡು ಸಲ ಅತ್ತೆ!"

"ಯಾರನ್ನ ನೆನೆಸ್ಕೊಂಡು ಮಾಡ್ದೆ?"

ಅವನು ನನ್ನ ಕಡೆ ಓರೆಗಣ್ಣಲ್ಲಿ ನೋಡಿ, ಗುಳಿ ಬೀಳಿಸಿ, "ಇನ್ಯಾರನ್ನ? ಸುಚಿನ್‌ನ," ಎಂದ.

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅಪ್ಪ. ನನಗೆ ಮೈಯೆಲ್ಲ ಉರಿದುಹೋಯಿತು.

"ತೆಗಿ ಕೈ! ನಾಳೆ ನಾನು ಸತ್ರೆ ಯಾರ ಮುಂದೆ ಹಣೆ ನೆಲಕ್ಕಿಟ್ಟು ಸಜ್ದಾ ಮಾಡ್ತೀಯೋ? ನನ್ನ ಫೋಟೋ ಮುಂದಾ? ದೇವರಿಗೇ ಟೋಪಿ ಹಾಕೋಕೆ ಹೊರಟವನೆ, ಮಹಾರಾಯ!"

"ಬಾಯ್ಮುಚ್ಚೇ," ಅಪ್ಪ ಗದರಿದರು. "ಮೊದ್ಲು ಕಲಿಮಾ ಹೇಳ್ಲಿ. ನಂಬಿಕೆ ಹಿಂದೆ ತಾನಾಗೇ ಬರುತ್ತೆ."

"ಬರ್ದಿದ್ರೆ? ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಅಂದ್ರೆ?"

ಯಾಂಗ್ ಕೈಗೆ ಮೆತ್ತಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದ. ಟೋಪಿ ತೆಗೆದು ಮಡಚಿದ.

"ಇಲ್ಲ ಮಾವ... ಅಲ್ಲ, ಸಾಹೇಬ್ರೆ. ನಂಗಿನ್ನೂ ನಂಬಿಕೆ ಬಂದಿಲ್ಲ. ಇಷ್ಟು ದಿನ ಇವಳು ನೋಡ್ಲಿ ಅಂತ ಬಗ್ಗಿದ್ದೆ. ಇವತ್ತು ಕಲಿಮಾ ಹೇಳಿದ್ರೆ ಸುಳ್ಳು ಹೇಳ್ದಂಗಾಗುತ್ತೆ."

ಅಪ್ಪನ ಮುಖ ಸುಟ್ಟ ರೊಟ್ಟಿಯಂತಾಯಿತು. ಅತ್ತೆ ಮಾತ್ರ, "ಒಂದಾದ್ರೂ ನಿಜ ಹೇಳ್ದ," ಎಂದರು.

ಅವನು ಬರಿತಲೆಯಲ್ಲಿ ನಿಂತಿದ್ದ. ಇಷ್ಟು ಚೆಂದ ಅವನು ಎಂದೂ ಕಂಡಿರಲಿಲ್ಲ. ಅಯ್ಯೋ, ಹೇಳಿಬಿಡೋ, ನಾಲ್ಕು ಮಾತು ತಾನೇ, ಯಾರು ಎದೆ ಬಗೆದು ನೋಡ್ತಾರೆ! ನಾಲಿಗೆ ತುದಿಗೆ ಬಂತು. ಇಷ್ಟು ಹೊತ್ತು ಊರಿಗೆ ಬುದ್ಧಿ ಹೇಳಿದ ನಾಲಿಗೆಯೇ. ಕಚ್ಚಿಕೊಂಡೆ.

ಬಿಸಿ ರೊಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿ ಬಾಗಿಲವರೆಗೆ ಹೋದೆ.

"ದೇವರ ಹೆಸರಿನ ರೊಟ್ಟಿ, ಕೈಯಲ್ಲಿ ಮುರಿದು ತಿನ್ನು. ನಾಯಿ ಥರ ಕಚ್ಚಬೇಡ."

"ಗೊತ್ತು. ನೀನೇ ಕಲಿಸಿದ್ದು." ಕನ್ನಡಕ ತೆಗೆದು ಒರೆಸಿದ. ಇಲ್ಲಿ ಆವಿಯೇ ಇರಲಿಲ್ಲ. "ಮತ್ತೆ ಬರ್ಲಾ ಸುಚಿನ್?"

"ನನಗೋಸ್ಕರ ಬರಬೇಡ."

"ಮತ್ಯಾರಿಗೋಸ್ಕರ?"

"ಅದು ಗೊತ್ತಾದ ದಿನ ಬಾ. ಗೊತ್ತಾಗ್ದಿದ್ರೆ ಬರಲೇಬೇಡ."

"ಅಲ್ಲೀವರೆಗೂ ಕಾಯ್ತೀಯಾ?"

ಹೂಂ ಎಂದರೆ ಅದನ್ನೇ ನಂಬಿಕೊಂಡು ನಾಳೆಯೇ ಟೋಪಿ ಹಾಕಿಕೊಂಡು ಬರುವ ಜಾತಿ ಅದು. ಅವನು ಓಣಿಯ ತಿರುವಿನಲ್ಲಿ ನಿಂತು ರೊಟ್ಟಿ ಮುರಿದ, ಎರಡೂ ಕೈಯಿಂದ, ಮೆಲ್ಲಗೆ. ಆಮೇಲೆ ಹೋದ.

ನಾನು ಬಾಣಲೆಯ ಮುಂದೆ ಬಂದು ಕೂತೆ. ಅತ್ತೆ ಹಿಟ್ಟಿನ ಉಂಡೆ ಚಾಚಿದರು. ನನ್ನ ಕೈ ಮುಂದೆ ಹೋಗಲಿಲ್ಲ.

"ಏನೇ?"

"ನನ್ನ ತಲೇಲಿ ಈಗ ದೇವರಿಲ್ಲ ಅತ್ತೆ, ಆ ಮುಠ್ಠಾಳ ಇದಾನೆ," ಎಂದೆ. "ಇನ್ನೊಂದು ಸಲ ಸ್ನಾನ ಮಾಡಿ ಬರ್ತೀನಿ."